ಕಾಯೆತಾನ್ ಮಾವನ ಟಿಕೆಟ್ಟಿಗೊಂದು ತೂತು

ನಮ್ಮ ಕಾಯೆತಾನ್ ಮಾವ ಆವತ್ತು ವಿಯೆನ್ನಾದ ದೊಡ್ಡ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ರೀತಿ ನೋಡಿದ್ದರೆ ಯಾವ ಡೈರೆಕ್ಟರಾದರೂ ಅಲ್ಲೇ ಕಾಲ್‌ಶೀಟ್ ಕೇಳುತ್ತಿದ್ದ. ಮೊದಲು ಬಾಗಿಲಲ್ಲಿ ಬೂಟು ಕಾಣಿಸಿತು. ಆಮೇಲೆ ಹಸಿರು ಕಾಲರಿನ ಬೂದು ಕೋಟು. ಕೊನೆಗೆ ಟೋಪಿ, ಟೋಪಿಯ ಮೇಲೆ ಕಾಡುಮೇಕೆಯ ಕೂದಲಿನ ಕುಚ್ಚು. ಕುಚ್ಚು ಗಾಳಿಗೆ ಅಲ್ಲಾಡಿತು. ಹಿನ್ನೆಲೆ ಸಂಗೀತ ಒಂದು ಮಾತ್ರ ಇರಲಿಲ್ಲ. ಅದನ್ನು ನಾನೇ ಬಾಯಲ್ಲಿ ಕೊಟ್ಟೆ.

"ಅದೇನ್ಲಾ ಫೆರ್ಡಿ, ಡುಂಡುಂ ಅಂತೀಯ? ಹಲ್ಲು ನೋವಾ?"

"ಇಲ್ಲ ಮಾವ, ನಿಮ್ಮ ಎಂಟ್ರಿಗೆ ಮ್ಯೂಸಿಕ್ಕು."

"ಎಂಟ್ರಿ ಆಮೇಲೆ. ಸುರಂಗದ ರೈಲು ಎಲ್ಲೈತೆ?"

ಕಥೆ ಮುಂದೆ ಹೋಗುವ ಮೊದಲು ಒಂದು ಸಣ್ಣ ಫ್ಲಾಶ್‌ಬ್ಯಾಕ್. ನಾನು ಸಿನಿಮಾ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಮಾರುವವನು, ಫ್ಲಾಶ್‌ಬ್ಯಾಕ್ ಇಲ್ಲದೆ ನನಗೆ ಊಟ ಸೇರುವುದಿಲ್ಲ.

ಕಾಯೆತಾನ್ ಮಾವ ನಮ್ಮಮ್ಮನ ಅಣ್ಣ. ಸ್ಟೈರಿಯಾದ ಬೆಟ್ಟದ ಕಣಿವೆಯಲ್ಲಿ ಒಂದಿಷ್ಟು ಹಸು, ಕುಂಬಳಬೀಜದ ಎಣ್ಣೆಗಾಣ, ಊರಿನ ಅಗ್ನಿಶಾಮಕ ದಳದ ಕ್ಯಾಪ್ಟನ್ ಗಿರಿ, ಇಷ್ಟು ಅವರ ಆಸ್ತಿ. ಜನ್ಮದಲ್ಲಿ ವಿಯೆನ್ನಾ ನೋಡಿದವರಲ್ಲ. ಆ ದಿನ ಅವರ ಒಬ್ಬಳೇ ಮಗಳು ಬುರ್ಗಿಯ ಮದುವೆ, ಹೀಟ್ಸಿಂಗ್ ಬಡಾವಣೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ. ಹುಡುಗ ವ್ಯಾಲೆಂಟಿನ್ ಬಂಗಾರದಂಥವನು. ಹುಡುಗನ ಅಮ್ಮ ಬೇರೆ ಲೋಹ.

ಆಕೆಯ ಗಂಡ 'ಹೋಫ್ರಾಟ್' ಅನ್ನುವ ಬಿರುದು ಪಡೆದ ಸರ್ಕಾರಿ ಅಧಿಕಾರಿ. ಗಂಡ ಹೋಗಿ ಎಷ್ಟೋ ಕಾಲವಾಯಿತು, ಬಿರುದು ಹೆಂಡತಿಯ ಹತ್ತಿರವೇ ಉಳಿಯಿತು. ನಮ್ಮಲ್ಲಿ ಹಾಗೇ. ಗಂಡ ಸತ್ತರೆ ಪಿಂಚಣಿ ಕಡಿಮೆಯಾಗುತ್ತದೆ, ಬಿರುದು ಮಾತ್ರ ಪೂರ್ತಿ ಸಿಗುತ್ತದೆ. ಬೇಕರಿಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಆಕೆಯನ್ನು 'ಫ್ರಾವ್ ಹೋಫ್ರಾಟ್' ಎಂದೇ ಕರೆಯಬೇಕು. ನಾನು ಮನಸ್ಸಿನಲ್ಲೇ ಹೋಫ್ರಾಟಮ್ಮ ಅನ್ನುತ್ತೇನೆ. ನಿಶ್ಚಿತಾರ್ಥದ ದಿನ ಆಕೆ ನನ್ನನ್ನು ನೋಡಿರಲಿಲ್ಲ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋಗಿದ್ದರು, ಅಷ್ಟೇ.

ಈ ಹೋಫ್ರಾಟಮ್ಮ ಬುರ್ಗಿಯ ಹತ್ತಿರ ಹೇಳಿ ಕಳಿಸಿದರು. "ನಿಮ್ಮ ತಂದೆಯವರಿಗೆ ಸ್ಟೇಷನ್ನಿಗೆ ಟ್ಯಾಕ್ಸಿ ಕಳಿಸೋಣ ಮಗು. ಪಾಪ, ಬೆಟ್ಟದವರು. ನೆಲದ ಕೆಳಗಿನ ರೈಲು ಹತ್ತಿದರೆ ಎಲ್ಲಿ ಎದ್ದು ಬರ್ತಾರೋ ಏನೋ! ನಾನಂತೂ ಜೀವಮಾನದಲ್ಲಿ ಆ ಬಿಲದೊಳಗೆ ಇಳಿದವಳಲ್ಲ."

ಮಾತು ಕಣಿವೆ ತಲುಪಿತು. ಮಾವ ಕೈಯಲ್ಲಿದ್ದ ಬಿಯರ್ ಲೋಟ ಕೆಳಗಿಟ್ಟರಂತೆ. ತುಂಬಿದ ಲೋಟ ಅವರು ಕೆಳಗಿಡುವುದು ಊರಿಗೆ ಬೆಂಕಿ ಬಿದ್ದಾಗ ಮಾತ್ರ.

"ಹೇಳು ಆಯಮ್ಮಂಗೆ. ಬುರ್ಗಿ ಅಪ್ಪ ಸುರಂಗದ ರೈಲಲ್ಲೇ ಬತ್ತಾನೆ. ತಾನೇ ದಾರಿ ಹುಡುಕ್ಕೊಂಡು ಬತ್ತಾನೆ. ಬಂದು, ಕಂಡಕ್ಟ್ರು ತೂತು ಹೊಡೆದಿರೋ ಟಿಕೆಟ್ನ ಆಯಮ್ಮನ ಕೈಗೇ ಇಡ್ತಾನೆ. ಆಗ ಗೊತ್ತಾಯ್ತದೆ ಯಾರು ಎಲ್ಲಿ ಎದ್ದು ಬತ್ತಾರೆ ಅಂತ!"

ಈ ತೂತು ಏನಪ್ಪಾ ಅಂದರೆ, ಮಾವನ ಕಣಿವೆಯಲ್ಲಿ ಒಂದು ಪುಟ್ಟ ರೈಲು ಓಡುತ್ತದೆ. ಅದರ ಕಂಡಕ್ಟರು ಒಬ್ಬೊಬ್ಬರ ಹತ್ತಿರವೂ ನಿಂತು, ಹಸುವಿನ ಆರೋಗ್ಯ ವಿಚಾರಿಸಿ, ಟಿಕೆಟ್ಟು ಇಸಿದುಕೊಂಡು, ಇಕ್ಕಳದಲ್ಲಿ ಚಕ್ ಎಂದು ತೂತು ಹೊಡೆದು ವಾಪಸು ಕೊಡುತ್ತಾನೆ. ಹಾಗಾದರೇ ಅದು ಪ್ರಯಾಣ. ತೂತಿಲ್ಲದ ಟಿಕೆಟ್ಟಿನಲ್ಲಿ ಹೋಗುವುದು ಪಾದ್ರಿ ಇಲ್ಲದ ಮದುವೆಯ ಹಾಗೆ ಎಂದು ಮಾವನ ಅಭಿಪ್ರಾಯ. ಮಗಳದ್ದು ಹೇಗೂ ಪಾದ್ರಿ ಇಲ್ಲದ ರಿಜಿಸ್ಟ್ರಾರ್ ಮದುವೆ. ಆದ್ದರಿಂದ ಟಿಕೆಟ್ಟಿಗಾದರೂ ತೂತು ಬಿದ್ದೇ ತೀರಬೇಕಿತ್ತು.

ಫ್ಲಾಶ್‌ಬ್ಯಾಕ್ ಮುಗಿಯಿತು. ಕಟ್ ಟು ಸ್ಟೇಷನ್.

"ನೋಡ್ಲಾ ಫೆರ್ಡಿ. ನೀನು ಹಿಂದ್ಗಡೆ ಬಾ. ದಾರಿ ತೋರಿಸಬೇಡ. ನೀನು ಬರೀ ಸಾಕ್ಷಿ. ಸಾಕ್ಷಿ ಬಾಯಿ ಬಿಡಬಾರ್ದು."

"ಸಾಕ್ಷಿ ಇರೋದೇ ಬಾಯಿ ಬಿಡೋಕೆ ಮಾವ."

"ಕೋರ್ಟಲ್ಲಿ ಬಿಡು. ರೈಲಲ್ಲಿ ಮುಚ್ಚು."

ಟಿಕೆಟ್ ಯಂತ್ರದ ಜೊತೆ ಮಾವ ಚೌಕಾಸಿ ಮಾಡಲು ನೋಡಿದರು. ಯಂತ್ರ ಬಗ್ಗಲಿಲ್ಲ. ಟಿಕೆಟ್ಟು ಬಂತು. ಅದನ್ನು ಟೋಪಿಯ ಪಟ್ಟಿಗೆ, ಕುಚ್ಚಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡರು.

ವಿಯೆನ್ನಾ ಮೆಟ್ರೋಗೆ ಗೇಟಿಲ್ಲ, ಕಂಡಕ್ಟರಿಲ್ಲ. ಒಳಗೆ ಹೋಗುವ ದಾರಿಯಲ್ಲಿ ಒಂದು ನೀಲಿ ಪೆಟ್ಟಿಗೆ ಇರುತ್ತದೆ. ಅದರ ಬಾಯಿಗೆ ಟಿಕೆಟ್ಟು ಹಿಡಿದರೆ ಟಣ್ ಎಂದು ಮುದ್ರೆ ಒತ್ತುತ್ತದೆ. ಒತ್ತಿಸದೆ ಹೋದರೆ ಕೇಳುವವರಿಲ್ಲ. ಆದರೆ ಯಾವಾಗಲೋ ಒಮ್ಮೆ ಇನ್‌ಸ್ಪೆಕ್ಟರುಗಳು ಸಾದಾ ಬಟ್ಟೆಯಲ್ಲಿ ಡಬ್ಬಿ ಹತ್ತುತ್ತಾರೆ. ಹೆಣಿಗೆ ಹಾಕುವ ಅಜ್ಜಿಯೂ ಇರಬಹುದು, ಗಿಟಾರು ಹೊತ್ತ ಹುಡುಗನೂ ಇರಬಹುದು. ಸಿಕ್ಕಿಬಿದ್ದರೆ ದಂಡ, ಜೊತೆಗೆ ಡಬ್ಬಿ ತುಂಬ ಮರ್ಯಾದೆ ಹರಾಜು. ಹೀಗಾಗಿ ಸ್ವಲ್ಪ ಗತ್ತಿನಿಂದ ನಡೆಯುವ ಯಾವ ಅಪರಿಚಿತನನ್ನು ಕಂಡರೂ ವಿಯೆನ್ನಾದವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

"ಮಾವ, ಟಿಕೆಟ್ನ ಈ ಪೆಟ್ಟಿಗೆಗೆ ಕೊಡಿ."

"ಏನಿದು, ಟಪಾಲು ಡಬ್ಬಿನಾ?"

"ಮುದ್ರೆ ಒತ್ತುತ್ತೆ."

"ಇದಕ್ಕೆ ಮುಖ ಐತಾ?"

"ಇಲ್ಲ."

"ನಾನು ಯಾರು ಅಂತ ಗೊತ್ತಾ ಇದಕ್ಕೆ?"

"ಇಲ್ಲ ಮಾವ."

"ಹಂಗಾದ್ರೆ ನನ್ನ ಟಿಕೆಟ್ ನೋಡೋಕೆ ಇದ್ಯಾವೂರ ದೊಣ್ಣೆನಾಯಕ? ನಾನು ಮನುಷ್ಯನ ಕೈಗೇ ಕೊಡೋದು. ನಡಿ!"

ಓಡುವ ಮೆಟ್ಟಿಲಿನ ಎಡಗಡೆ ಮಾವ ಬೇರುಬಿಟ್ಟು ನಿಂತರು. ವಿಯೆನ್ನಾದಲ್ಲಿ ನಿಲ್ಲುವವರು ಬಲಗಡೆ, ಅವಸರದವರು ಎಡಗಡೆ. ಈ ನಿಯಮ ಮುರಿದವನಿಗಿಂತ ಬ್ಯಾಂಕು ಒಡೆದವನಿಗೆ ಇಲ್ಲಿ ಹೆಚ್ಚು ಗೌರವ. ಹಿಂದೆ ಜನ ಗುಂಪುಗಟ್ಟಿದರು.

"ಏನ್ ಸ್ವಾಮಿ, ಮೆಟ್ಟಿಲು ನಿಮ್ಮ ಹೆಸರಿಗೆ ಬರೆಸ್ಕೊಂಡಿದೀರಾ?" ಒಬ್ಬ ಗದರಿದ.

ಮಾವ ತಿರುಗಿ ಟೋಪಿ ಎತ್ತಿದರು. "ನಮಸ್ಕಾರ!" ಅವನ ಹಿಂದಿನವಳಿಗೆ, "ನಮಸ್ಕಾರ!" ಅವಳ ಹಿಂದಿನವನಿಗೆ, "ನಿಂಗೂ ನಮಸ್ಕಾರ!" ಬೆಟ್ಟದ ಕಾಲುದಾರಿಯಲ್ಲಿ ಎದುರು ಸಿಕ್ಕವರಿಗೆಲ್ಲ ನಮಸ್ಕಾರ ಹೇಳುವುದು, ನೀನು ತಾನು ಎಂದು ಮಾತಾಡಿಸುವುದು ಅವರ ಪದ್ಧತಿ. ಕೆಳಗೆ ಪ್ಲಾಟ್‌ಫಾರಂ ತುಂಬ ಜನ. ಮಾವ ಆ ತುದಿಯಿಂದ ಈ ತುದಿಯವರೆಗೆ ಒಬ್ಬರನ್ನೂ ಬಿಡಲಿಲ್ಲ. ವಿಯೆನ್ನಾದವರು ತಮ್ಮ ಬೂಟುಗಳನ್ನು ಆಳವಾಗಿ ಅಭ್ಯಾಸ ಮಾಡತೊಡಗಿದರು.

"ಏನ್ಲಾ ಇವರು? ಎಲ್ಲರ ಮನೇಲೂ ಸಾವಾಗೈತಾ?"

"ಇಲ್ಲ ಮಾವ. ಇವರು ಖುಷಿಯಾಗಿರೋವಾಗ್ಲೂ ಹೀಗೇ ಇರ್ತಾರೆ."

ರೈಲು ಬಂತು, ಹತ್ತಿದೆವು. ಹಳೇ ಕಾಲದ ರೈಲು, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇಲ್ಲ. ಮಾವ ಟೋಪಿ ಸರಿಮಾಡಿಕೊಂಡು ಕಾದರು. ಯಾರೂ ಬರಲಿಲ್ಲ.

"ಕಂಡಕ್ಟ್ರು ಎಲ್ಲಿ?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ಆದರೆ ಹೀರೋ ಇಷ್ಟು ಚೆನ್ನಾಗಿ ಕುಚ್ಚು ಅಲ್ಲಾಡಿಸುತ್ತಿರುವಾಗ ಸಿನಿಮಾನ ಇಂಟರ್ವಲ್ಲಿಗೆ ಮೊದಲೇ ಮುಗಿಸುವುದಾ?

"ಪಕ್ಕದ ಡಬ್ಬೀಲಿ ಇರ್ಬೇಕು ಮಾವ."

ಮುಂದಿನ ಸ್ಟೇಷನ್ನಿನಲ್ಲಿ ಮಾವ ಧುಮುಕಿದರು. ಓಡಿದರು. ಪಕ್ಕದ ಡಬ್ಬಿಗೆ ನುಗ್ಗಿದರು. ಬಾಗಿಲ ಬಳಿ ನಿಂತಿದ್ದ ಕನ್ನಡಕದ ಹುಡುಗನ ಮುಂದೆ ಕೈ ಚಾಚಿದರು.

"ಟಿಕೆಟ್ ತೋರ್ಸಪ್ಪ, ನೋಡಾನ."

ಹುಡುಗ ಹಾವು ಕಂಡವನಂತೆ ಟಿಕೆಟ್ಟು ತೆಗೆದು ಕೊಟ್ಟ. ಮಾವ ಅದನ್ನು ಬೆಳಕಿಗೆ ಹಿಡಿದರು.

"ತೂತಿಲ್ಲ! ಇಲ್ಲಿಗೂ ಬಂದಿಲ್ಲ ಅವನು!" ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದರು, "ಬೇಟೆ ಲೆಕ್ಕ ಕಣ್ಲಾ. ಜಿಂಕೆ ಹೋದ ಕಡೆ ಹೆಜ್ಜೆ ಇರ್ತದೆ. ಕಂಡಕ್ಟ್ರು ಹೋದ ಕಡೆ ತೂತು ಇರ್ತದೆ. ತೂತು ಹಿಡ್ಕೊಂಡು ಹೋದ್ರೆ ಮನುಷ್ಯ ಸಿಕ್ಕೇ ಸಿಗ್ತಾನೆ."

ಅಷ್ಟರಲ್ಲಿ ಡಬ್ಬಿಯೊಳಗೆ ಕ್ರಾಂತಿಯಾಗಿತ್ತು. ಬೂದು ಕೋಟು, ದಪ್ಪ ಮೀಸೆ, ಬೆಂಕಿ ಆರಿಸಿ ಆರಿಸಿ ಗಟ್ಟಿಯಾದ ಗಂಟಲು. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಟಿಕೆಟ್ಟು. ಒಬ್ಬಾಕೆ ಎರಡು ಹಿಡಿದಿದ್ದಳು.

"ಇನ್ನೊಂದು ನಾಯೀದು ಸಾರ್. ಕಚ್ಚದ ಹಾಗೆ ಬಾಯಿಗೂ ಪಟ್ಟಿ ಕಟ್ಟಿದೀನಿ ನೋಡಿ."

"ನಾಯಿ ಟಿಕೆಟ್ಟಿಗೂ ತೂತಿಲ್ಲ!" ಮಾವ ಹಣೆ ಚಚ್ಚಿಕೊಂಡರು. "ಏನು ರಾಜ್ಯಭಾರ ಇದು?"

ನಾಯಿಯ ಒಡತಿ ಅಳುಮುಖ ಮಾಡಿದಳು. "ಮುದ್ರೆ ಇದೆಯಲ್ಲ ಸಾರ್, ಬಿಟ್ಬಿಡಿ ಸಾರ್, ಅವನಿಗೆ ಹಾರ್ಟು ವೀಕು."

ಮೂಲೆಯಲ್ಲೊಬ್ಬ ತಡಕಾಡಿದ. "ಸಾರ್, ಆಣೆ ಮಾಡ್ತೀನಿ, ಟಿಕೆಟ್ ಇನ್ನೊಂದು ಪ್ಯಾಂಟಲ್ಲಿದೆ."

"ಅದಕ್ಕ್ಯಾಕೆ ಅಷ್ಟು ಬೆವರ್ತೀಯ? ನಿಧಾನವಾಗಿ ಹೋಗಿ ಪ್ಯಾಂಟ್ ತಗಂಬಾ."

ಸ್ಟೇಷನ್ ಬಂದು ಬಾಗಿಲು ತೆರೆದದ್ದೇ ತಡ, ಆತ ಇಷ್ಟು ಒಳ್ಳೆಯ ಇನ್‌ಸ್ಪೆಕ್ಟರನ್ನು ಕಂಡಿರಲಿಲ್ಲ ಎಂಬ ಭಕ್ತಿಯಿಂದ ಕೈಮುಗಿದು ಓಟ ಕಿತ್ತ. ಅವನ ಹಿಂದೆ ಇನ್ನಷ್ಟು ಜನ ಇಳಿದರು. ಒಬ್ಬೊಬ್ಬರಿಗೂ ಇದ್ದಕ್ಕಿದ್ದಂತೆ ಅಲ್ಲೇ ಏನೋ ಕೆಲಸ ನೆನಪಾಗಿತ್ತು.

"ಎಲ್ಲಾ ಯಾಕ್ಲಾ ಇಳ್ದುಬಿಟ್ರು?"

"ನಿಮಗೆ ಸೀಟು ಬಿಟ್ಟುಕೊಟ್ರು ಮಾವ. ಹಿರಿಯರು ಅಂತ."

"ಪರವಾಗಿಲ್ಲ, ಮುಖ ಸಿಂಡರಿಸಿದ್ರೂ ಒಳ್ಳೇ ಜನ."

ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಗಾಡಿ ಬದಲಿಸಬೇಕು. ಅದು ಇರುವೆಗೂಡು, ಹುಟ್ಟಿ ಬೆಳೆದವರೂ ಅಲ್ಲಿ ತಪ್ಪಿಸಿಕೊಳ್ಳುತ್ತಾರೆ. ಮಾವ ಎರಡು ಗಳಿಗೆ ನಿಂತು ಗೋಡೆ ನೋಡಿದರು. "ಬೆಟ್ಟದಲ್ಲಿ ದಾರಿಗೆ ಬಂಡೆ ಮೇಲೆ ಬಣ್ಣ ಬಳೀತಾರೆ, ಇಲ್ಲಿ ಗೋಡೆ ಮೇಲೆ. ನಮ್ಮದು ಹಸಿರು. ಬಾ." ಸರಸರನೆ ನಡೆದರು. ಒಂದೇ ಒಂದು ತಿರುವು ತಪ್ಪಲಿಲ್ಲ. ನಾನು ಒಮ್ಮೆ ತಪ್ಪಿದೆ. ಬಂದು ಕಿವಿ ಹಿಡಿದು ಎಳೆದುಕೊಂಡು ಹೋದರು.

ಹಸಿರು ಗಾಡಿಯಲ್ಲೂ ಅದೇ ಬೇಟೆ. ಸ್ಟೇಷನ್ ಬಂತು, ಧುಮುಕು, ಡಬ್ಬಿ ಬದಲಿಸು, ತೂತು ಹುಡುಕು. ಸಂತೆಪೇಟೆಯ ಸ್ಟೇಷನ್ನಿನಲ್ಲಿ ಹೊಸ ಡಬ್ಬಿಗೆ ನುಗ್ಗಿದಾಗ ಮೂಲೆಯ ಸೀಟಿನಲ್ಲಿ ನಾನು ಕಂಡದ್ದೇನು? ಮುತ್ತಿನ ಸರ, ತುಪ್ಪಳದ ಕಾಲರು, ಮುತ್ತಿನ ತಲೆಯ ಉದ್ದ ಪಿನ್ನು ಚುಚ್ಚಿದ ಟೋಪಿ, ತೊಡೆಯ ಮೇಲೆ ಬಿಳಿ ಹೂವಿನ ಗುಚ್ಛ.

ಹೋಫ್ರಾಟಮ್ಮ. ಆ ಬಿಲದೊಳಗೆ ಜೀವಮಾನದಲ್ಲಿ ಇಳಿಯದ ಹೋಫ್ರಾಟಮ್ಮ.

ಆಕೆ ನನ್ನ ಮುಖ ನೋಡಿದರು, ಗುರುತು ಸಿಗಲಿಲ್ಲ. ನಾನು ಕೋಟು ಹಿಡಿದಿರಲಿಲ್ಲವಲ್ಲ! ಆಮೇಲೆ ಮಾವನನ್ನು ನೋಡಿದರು. ಆ ಕಡೆಯ ಸೀಟಿನವನು ಟಿಕೆಟ್ಟು ತೋರಿಸುತ್ತಿದ್ದುದನ್ನು ನೋಡಿದರು. ಮುಖ ಹೂಗುಚ್ಛದ ಬಣ್ಣಕ್ಕೆ ತಿರುಗಿತು. ಬಾಗಿಲು ಮುಚ್ಚಿತ್ತು. ನನ್ನ ಬಾಯೊಳಗೆ ಹಿನ್ನೆಲೆ ಸಂಗೀತ ತಾನಾಗಿ ಶುರುವಾಯಿತು.

ಮಾವ ಮುಂದೆ ಬಂದು ಟೋಪಿ ಎತ್ತಿದರು. "ನಮಸ್ಕಾರ ತಾಯಿ. ನಿಮ್ಮ ಟಿಕೆಟ್ ಒಂಚೂರು ನೋಡಾನ."

ಹೋಫ್ರಾಟಮ್ಮ ಕೈಚೀಲ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಕಣ್ಣು ಮುಚ್ಚಿ ಒಂದು ಉಸಿರೆಳೆದುಕೊಂಡರು. ಆಮೇಲೆ, ಒಪೆರಾದಲ್ಲಿ ಕಾಯಂ ಸೀಟಿರುವ ಆ ಬಾಯಿಂದ ಈ ಮಾತು ಹೊರಟಿತು:

"ಅಯ್ಯೋ ಸೋಮಿ! ನಾ ಅಳ್ಳಿಯೋಳು ಸೋಮಿ! ಸ್ಟೈರಿಯಾ ಬೆಟ್ಟದ್ ಕಡೆಯೋಳು. ಈಯೆನ್ನಾಗೆ ಇದೇ ಮೊದ್ಲು ಬಂದಿವ್ನಿ. ಈ ಮಿಸ್ನು ಗಿಸ್ನು ನಂಗೇನ್ ತಿಳೀತದೆ ಸೋಮಿ, ನಮ್ಮೂರಾಗೆ ಬರೀ ಅಸಾ ಅವೆ! ಬೌ!"

ಸ್ಟೈರಿಯಾದವರ ಮಾತು ನಾಯಿ ಬೊಗಳಿದ ಹಾಗೆ ಎಂದು ವಿಯೆನ್ನಾದವರು ಆಡಿಕೊಳ್ಳುತ್ತಾರೆ. ಹೋಫ್ರಾಟಮ್ಮ ಅದನ್ನು ನಿಜವೆಂದೇ ನಂಬಿ, ಮಾತಿನ ಕೊನೆಗೆ ಒಂದು 'ಬೌ' ಸೇರಿಸಿದ್ದರು. ನಮ್ಮ ಕಡೆ ಯಾರೂ ಹಾಗೆ ಮಾತಾಡುವುದಿಲ್ಲ. ನಾಯಿಗಳೂ ಮಾತಾಡುವುದಿಲ್ಲ.

ಮಾವನ ಮುಖ ಅರಳಿತು.

"ಸ್ಟೈರಿಯಾನಾ? ನಮ್ಮೋಳಾ? ಯಾವೂರು?"

ಹೋಫ್ರಾಟಮ್ಮ ತಡವರಿಸಿದರು. "ಅದೇ... ಆ ಬೆಟ್ಟದ ಆಚೆ."

"ಆಚೆ ಕಣಿವೆನಾ! ಅದಕ್ಕೇ ಮಾತ್ನ ಹಂಗೆ ಅಗೀತೀಯ. ಆಚೆ ಕಣಿವೆಯೋರ ಬಾಯೇ ಹಂಗೆ!" ಮಾವ ಆಕೆಯ ಪಕ್ಕದಲ್ಲಿ ಧೊಪ್ಪೆಂದು ಕೂತರು. ಬೆಟ್ಟದವಳು ಎಂದ ಮೇಲೆ ಬಹುವಚನ ಅಲ್ಲಿಗೆ ಮುಗಿದಿತ್ತು. "ಹೆದರ್ಕಬ್ಯಾಡ ಕಣಮ್ಮ. ನಾನೂ ಇದೇ ಮೊದಲು ಬಂದಿರೋದು. ನಾನೇನು ಇಲ್ಲಿನ ಸಾಹೇಬಾ? ಕಂಡಕ್ಟ್ರು ಹುಡುಕ್ತಿವ್ನಿ, ಅಷ್ಟೇ. ಟಿಕೆಟ್ ತಗಳೋಕೆ ಗೊತ್ತಾಗ್ಲಿಲ್ವಾ? ಹೀಟ್ಸಿಂಗಲ್ಲಿ ಇಳಿದ ತಕ್ಷಣ ನಾನೇ ತೆಗೆಸಿಕೊಡ್ತೀನಿ. ನನ್ನ ಜೊತೇಲೇ ಇರು. ಕಳೆದೋಗಿಬಿಟ್ಟೀಯ!"

ಇನ್‌ಸ್ಪೆಕ್ಟರಲ್ಲ ಎಂದು ಗೊತ್ತಾದಾಗ ಹೋಫ್ರಾಟಮ್ಮನ ಮುಖಕ್ಕೆ ರಕ್ತ ಮರಳಿತು. ಅರ್ಧ ಮರಳುವಷ್ಟರಲ್ಲಿ ಮಾವ ಕೇಳಿದರು:

"ನೀನೆಲ್ಲಿಗೆ ಹೊಂಟಿದ್ದೀಯ?"

"ಒಂದ್ ಮದ್ವೇಗೆ ಸೋಮಿ. ಹೀಟ್ಸಿಂಗಿಗೆ."

"ಅರೆರೆ! ನನ್ನ ಮಗಳದೂ ಅಲ್ಲೇ ಮದುವೆ! ಬುರ್ಗಿ ಅಂತ!"

ರಕ್ತ ಹೊರಟೇಹೋಯಿತು. ಹೂಗುಚ್ಛದಿಂದ ಒಂದು ಎಸಳು ಉದುರಿತು. ಹೋಫ್ರಾಟಮ್ಮ ಕುಚ್ಚು ನೋಡಿದರು, ಹಸಿರು ಕಾಲರು ನೋಡಿದರು, ಟೋಪಿಯಲ್ಲಿದ್ದ ಟಿಕೆಟ್ಟು ನೋಡಿದರು.

"ಅಲ್ಲಿ ಬೀಗಿತ್ತಿ ಒಬ್ಳು ಅವಳೆ," ಮಾವ ಸ್ವರ ತಗ್ಗಿಸಿದರು. ಅವರು ತಗ್ಗಿಸಿದ ಸ್ವರ ಡಬ್ಬಿಯ ಆ ತುದಿಗೆ ಕೇಳಿಸಿತು. "ಹೋಫ್ರಾಟಂತೆ. ನೆಲದ ಮೇಲೆ ಕಾಲಿಡಲ್ಲವಂತೆ, ಬರೀ ಟ್ಯಾಕ್ಸಿಯಂತೆ. ನಾನು ಈ ರೈಲಲ್ಲಿ ಕಳೆದೋಗ್ತೀನಿ ಅಂದ್ಳಂತೆ. ನಂಗೇನು, ನಾನು ನಾಳೆ ಊರಿ‌ಗೆ ಹೋಗ್ತೀನಿ. ನನ್ನ ಮಗಳು ಆ ಮನೇಲಿ ಬಾಳ್ಬೇಕಲ್ಲಮ್ಮ? 'ನಿಮ್ಮಪ್ಪ ದಾರಿ ಗೊತ್ತಿಲ್ದೆ ತಪ್ಪಿಸ್ಕೊಂಡಿದ್ನಲ್ಲ' ಅಂತ ಊಟದ ಮೇಜಲ್ಲಿ ನಗ್ತಾ ಇದ್ರೆ ಅವಳಿಗೆ ಗಂಟಲಲ್ಲಿ ತುತ್ತು ಇಳಿಯಲ್ಲ. ಅದಕ್ಕೇ ಈ ಟಿಕೆಟ್ಟು. ಇದಕ್ಕೊಂದು ತೂತು ಹಾಕಿಸಿ ಆಯಮ್ಮನ ಕೈಗೆ ಇಟ್ಬಿಟ್ರೆ ನನ್ನ ಮಗಳು ತಲೆ ಎತ್ಕೊಂಡು ಇರ್ತಾಳೆ."

ಹೋಫ್ರಾಟಮ್ಮನಿಂದ ಒಂದು ಬೌ ಕೂಡ ಬರಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲು ತೆರೆದಾಗ ದಿಢೀರನೆ ಎದ್ದರು.

"ನಾ ಇಲ್ಲೇ ಇಳೀತೀನಿ ಸೋಮಿ!"

ಮಾವ ತುಪ್ಪಳ ಹಿಡಿದು ಎಳೆದು ಕೂರಿಸಿದರು. "ಇದು ಅರಮನೆ ಸ್ಟೇಷನ್ನು! ಹೀಟ್ಸಿಂಗ್ ಮುಂದಿಂದು! ನೋಡಿದ್ಯಾ, ನಾನಿಲ್ದಿದ್ರೆ ಎಲ್ಲಿ ಎದ್ದು ಬತ್ತಿದ್ದೆ?"

ಹೀಟ್ಸಿಂಗಿನಲ್ಲಿ ಮಾವ ಮಾತು ಉಳಿಸಿಕೊಂಡರು. ಯಂತ್ರದಿಂದ ಒಂದು ಟಿಕೆಟ್ಟು ತೆಗೆಸಿ ಆಕೆಯ ಕೈಗಿಟ್ಟು, "ಇಟ್ಕೊ, ವಾಪಸು ಹೋಗೋಕಾಯ್ತದೆ" ಎಂದು, ತೋಳು ಹಿಡಿದು ರಸ್ತೆ ದಾಟಿಸಿದರು.

ರಿಜಿಸ್ಟ್ರಾರ್ ಆಫೀಸಿನ ಮುಂದೆ ಬೀಗರ ಇಡೀ ಸಂತಾನ ಸಾಲಾಗಿ ನಿಂತಿತ್ತು. ಮದುಮಗಳು ಬುರ್ಗಿ ಮೆಟ್ಟಿಲಿಳಿದು ಓಡಿಬಂದಳು.

"ಅಪ್ಪಾ! ಬಂದ್ಯಾ! ರಿಜಿಸ್ಟ್ರಾರ್ ಎರಡು ಸಲ ಹೆಸರು ಕೂಗಿದ್ರು. ಫ್ರಾವ್ ಹೋಫ್ರಾಟ್! ನೀವಿಬ್ಬರೂ ಒಟ್ಟಿಗೆ?"

ಮಾವ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. "ಎಲ್ಲೈತೆ ಆಯಮ್ಮ? ಟ್ಯಾಕ್ಸಿ ಬಂತಾ?"

ಎಲ್ಲರೂ ಮಾವನ ಪಕ್ಕಕ್ಕೇ ನೋಡಿದರು. ಮಾವ ನಿಧಾನವಾಗಿ ತಾವು ಹಿಡಿದಿದ್ದ ತೋಳಿನ ಕಡೆ ತಿರುಗಿದರು. ಅಗ್ನಿಶಾಮಕ ದಳದ ತಲೆಯೊಳಗೆ ಗಂಟೆ ಹೊಡೆಯಲು ಸ್ವಲ್ಪ ಹೊತ್ತಾಯಿತು. ಹೊಡೆದಾಗ ಮೀಸೆ ನೆಟ್ಟಗಾಯಿತು.

ಹೋಫ್ರಾಟಮ್ಮನ ನಾದಿನಿ ಮೆಟ್ಟಿಲ ಮೇಲಿಂದ ಕತ್ತು ಚಾಚಿದಳು. ಕಣ್ಣು ಹದ್ದಿನದು, ನಾಲಿಗೆ ಇನ್ನೂ ಒಂದು ಕೈ ಮೇಲು. "ಏನಿದು ಅಡೆಲ್‌ಹೈಡ್? ನೀನು ಮೆಟ್ರೋ ಮೆಟ್ಟಿಲು ಹತ್ತಿ ಬಂದ ಹಾಗಿತ್ತಲ್ಲ! ಟ್ಯಾಕ್ಸಿ ಏನಾಯ್ತು?"

ಹೋಫ್ರಾಟಮ್ಮ ಮಾವನ ಕಡೆ ನೋಡಿದರು. ಝೂಮ್ ಇನ್, ಕ್ಲೋಸಪ್. ಈಗ ಮಾವ ಒಂದು ಮಾತು ಬಿಟ್ಟರೆ ಸಾಕು, 'ಸೋಮಿ' ಎಂದರೂ ಸಾಕು, ಆ ಟೋಪಿ ಆ ತಲೆಯ ಮೇಲೆ ಇನ್ನೆಂದೂ ನೆಟ್ಟಗೆ ಕೂರುವುದಿಲ್ಲ. ನಾನು ಸಾಕ್ಷಿ. ಬಾಯಿ ಬಿಡಲು ತಯಾರಾದೆ. ಮಾವನ ಬೂಟು ನನ್ನ ಪಾದದ ಮೇಲೆ ಬಿತ್ತು.

"ತಪ್ಪು ನಂದು," ಮಾವ ಹೇಳಿದರು. ಬೆಟ್ಟದಿಂದ ಇಳಿದ ಮೇಲೆ ಮೊದಲ ಸಲ ಅವರ ಸ್ವರ ನಿಜವಾಗಿಯೂ ತಗ್ಗಿತ್ತು. "ನಾನು ಆ ಸುರಂಗದಲ್ಲಿ ದಾರಿ ತಪ್ಪಿಬಿಟ್ಟೆ. ಈಯಮ್ಮ ಪಾಪ ಟ್ಯಾಕ್ಸಿ ಬಿಟ್ಟು, ಕೆಳಗೆ ಇಳಿದು, ಹುಡುಕಿ ಕರ್ಕೊಂಡು ಬಂದ್ರು."

ನಾದಿನಿ ಕಿಸಕ್ಕೆಂದಳು. ಆ ನಗು ಬೀಗರ ಸಾಲಿನ ಕೊನೆಯವರೆಗೂ ಹೋಯಿತು. "ಪಾಪ, ಬೆಟ್ಟದವರು!" ಎಂದು ಯಾರೋ ಅಂದರು. ಬುರ್ಗಿಯ ತಲೆ ತಗ್ಗಿತು. ಮಾವ ಟೋಪಿ ತೆಗೆದು, ಟಿಕೆಟ್ಟು ಕಾಣದ ಹಾಗೆ ಕಂಕುಳಲ್ಲಿಟ್ಟುಕೊಂಡು ಒಳಗೆ ನಡೆದರು.

ಮದುವೆ ಆಯಿತು. ರಿಜಿಸ್ಟ್ರಾರ್ ಓದಿದರು, ಹುಡುಗ ಹುಡುಗಿ ಹೂಂ ಅಂದರು, ಎಲ್ಲರೂ ಕಣ್ಣೊರೆಸಿಕೊಂಡರು. ಹೊರಗೆ ಬಂದಾಗ, ಊಟಕ್ಕೆ ಹೈಲಿಗನ್‌ಸ್ಟಾಟ್ ಕಡೆಯ ದ್ರಾಕ್ಷಿತೋಟದ ಹೋಟೆಲಿಗೆ ಹೋಗಲು ಕಾರುಗಳು ಸಾಲಾಗಿ ನಿಂತಿದ್ದವು. ಹೋಫ್ರಾಟಮ್ಮ ಮೆಟ್ಟಿಲ ಮೇಲೆ ನಿಂತು ಘೋಷಿಸಿದರು:

"ಕಾರು ಬೇಡ. ಬೀಗರು ಬಂದ ದಾರಿಯಲ್ಲೇ ಹೋಗೋಣ."

"ಬಿಲದೊಳಗಾ?" ನಾದಿನಿ ಚೀರಿದಳು.

"ಬಿಲದೊಳಗೇ."

ಸ್ಟೇಷನ್ನಿನಲ್ಲಿ ಹೋಫ್ರಾಟಮ್ಮ, ಮಾವ ಕೊಟ್ಟಿದ್ದ ಟಿಕೆಟ್ಟನ್ನು ನೀಲಿ ಪೆಟ್ಟಿಗೆಯ ಬಾಯಿಗೆ ಹಿಡಿದರು. ತಲೆಕೆಳಗಾಗಿ ಹಿಡಿದರು, ಮಗ್ಗುಲಾಗಿ ಹಿಡಿದರು. ವಿಯೆನ್ನಾದಲ್ಲೇ ಹುಟ್ಟಿ ಬೆಳೆದ ಆಕೆಗೆ ಟಿಕೆಟ್ಟು ಯಾವ ಕಡೆಯಿಂದ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ನಾನೇ ತಿರುಗಿಸಿ ಕೊಟ್ಟೆ. ಮಾವ ತಮಗೂ ಹೊಸದೊಂದು ಟಿಕೆಟ್ಟು ಕೊಂಡರು. ಬಂದದ್ದಕ್ಕೆ ಒಂದು, ಹೋಗಲು ಒಂದು. ಎರಡೂ ಟೋಪಿಯ ಪಟ್ಟಿಯಲ್ಲಿ, ಕನ್ಯೆಯರ ಹಾಗೆ.

"ಪೆಟ್ಟಿಗೆಗೆ ಹಾಕಿ ಮಾವ, ಈಗಲಾದ್ರೂ."

"ಮಾನ ಹೋಯ್ತು ಅಂತ ಮಾತೂ ಬಿಡ್ಲಾ? ಮನುಷ್ಯನ ಕೈಗೇ ಕೊಡೋದು ಅಂದ್ರೆ ಮನುಷ್ಯನ ಕೈಗೇ!"

ಗಾಡಿ ತುಂಬ ಮದುವೆ ದಿಬ್ಬಣ. ಎದುರು ಸೀಟಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡ ಹುಡುಗಿಯೊಬ್ಬಳು ಬಾಳೆಹಣ್ಣು ತಿನ್ನುತ್ತಿದ್ದಳು. ತಿಂದು ಮುಗಿಸಿದಳು. ಸಿಪ್ಪೆ ಮಡಚಿ ಚೀಲಕ್ಕೆ ಹಾಕಿದಳು. ಹೆಡ್‌ಫೋನು ತೆಗೆದಳು. ಬ್ಯಾಡ್ಜು ಹೊರಗೆಳೆದಳು.

"ಟಿಕೆಟ್ ತೋರಿಸಿ ಎಲ್ಲರೂ."

ಮಾವ ನಿಂತರು. ಕಣ್ಣಲ್ಲಿ ನೀರು ಬಂತು. "ಬಂದ್ಯಾ ತಾಯಿ! ಬೆಳಗಿಂದ ಎಲ್ಲಿ ಹೋಗಿದ್ದೆ!" ಎರಡೂ ಟಿಕೆಟ್ಟು ತೆಗೆದು ಅವಳ ಅಂಗೈ ಮೇಲಿಟ್ಟು, ಎರಡೂ ಕೈಯಿಂದ ಆ ಕೈ ಹಿಡಿದುಕೊಂಡರು.

ಹುಡುಗಿ ಕೈ ಬಿಡಿಸಿಕೊಂಡು ನೋಡಿದಳು. "ಯಾವುದಕ್ಕೂ ಮುದ್ರೆ ಇಲ್ಲ. ಟಿಕೆಟ್ ಇಲ್ಲದ ಹಾಗೇ ಲೆಕ್ಕ. ದಂಡ ಕಟ್ಟಬೇಕು."

ಡಬ್ಬಿಯಲ್ಲಿ ಗಾಳಿ ಆಡಲಿಲ್ಲ. ನಾದಿನಿಯ ತುಟಿ ಮಾತ್ರ ಆಡಿತು. "ದಾರಿ ತಪ್ಪಿದ್ದಲ್ಲದೆ ಕಳ್ಳ ಸವಾರಿ ಬೇರೆ!" ಬುರ್ಗಿಯ ಮುಖ ಕೆಂಪಾಯಿತು. ಮಾವ ತಮ್ಮ ಟಿಕೆಟ್ಟುಗಳನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು. 

ಆಗ ತುಪ್ಪಳದ ಕಾಲರು ಎದ್ದು ನಿಂತಿತು.

"ಅಯ್ಯೋ ಸೋಮಿ!" ಹೋಫ್ರಾಟಮ್ಮ, ಇಡೀ ಬೀಗರ ಸಂತಾನದ ಎದುರು, ಎದೆ ತಟ್ಟಿಕೊಂಡು ಬೊಗಳಿದರು. "ನಾವ್ ಅಳ್ಳಿಯೋರು ಸೋಮಿ! ಈಯೆನ್ನಾಗೆ ಇದೇ ಮೊದ್ಲು ಬಂದಿವ್ನಿ! ನಂಗೂ ಇವ್ರಿಗೂ ಈ ನೀಲಿ ಮಿಸ್ನು ತಿಳೀದು ಸೋಮಿ! ನಮ್ಮೂರಾಗೆ ಬರೀ ಅಸಾ ಅವೆ! ಬೌ!"

ನಾದಿನಿಯ ಕೈಚೀಲ ಕೆಳಗೆ ಬಿತ್ತು. ಮದುಮಗ ವ್ಯಾಲೆಂಟಿನ್, "ಅಮ್ಮಾ?" ಎಂದ. ಇನ್‌ಸ್ಪೆಕ್ಟರ್ ಹುಡುಗಿ ತಲೆ ಓರೆ ಮಾಡಿ ಹೋಫ್ರಾಟಮ್ಮನನ್ನು ದಿಟ್ಟಿಸಿದಳು.

"ಮೇಡಂ, ಮೊನ್ನೆ ಸಿಕ್ಕಾಗ ನೀವು ಟಿರೋಲ್ ಕಡೆಯವರಾಗಿದ್ರಿ. ಅದಕ್ಕೆ ಮುಂಚೆ ಹಂಗರಿಯವರು, ಭಾಷೇನೇ ಬರ್ತಿರ್ಲಿಲ್ಲ."

ಡಬ್ಬಿಯಲ್ಲಿ ಮೊದಲು ನಕ್ಕದ್ದು ಬುರ್ಗಿ. ಆಮೇಲೆ ವ್ಯಾಲೆಂಟಿನ್. ಆಮೇಲೆ ಯಾರು ಯಾರನ್ನು ನೋಡಿ ನಗುತ್ತಿದ್ದಾರೆಂದೇ ಗೊತ್ತಾಗಲಿಲ್ಲ. ಹೋಫ್ರಾಟಮ್ಮ ಟೋಪಿ ಸರಿಮಾಡಿಕೊಂಡು, ತಮ್ಮ ಸ್ವಂತ ಸ್ವರದಲ್ಲಿ ಹೇಳಿದರು:

"ಎಲ್ಲರೂ ಕೇಳಿಸಿಕೊಳ್ಳಿ. ಇವರು ದಾರಿ ತಪ್ಪಲಿಲ್ಲ. ದಾರಿ ತೋರಿಸಿದವರು ಇವರು. ಟಿಕೆಟ್ ಇಲ್ಲದೆ ಮೂಲೆಯಲ್ಲಿ ಮುದುರಿ ಕೂತಿದ್ದವಳು ನಾನು."

ಹುಡುಗಿಗೂ ನಗು ತಡೆಯಲಾಗಲಿಲ್ಲ. "ಆಯ್ತು ಬಿಡಿ, ಮದುವೆ ದಿನ. ನಾನು ನಿಮ್ಮ ಟಿಕೆಟ್ ನೋಡಿಲ್ಲ ಅಂದ್ಕೊಳ್ಳಿ ಅಂಕಲ್."

"ನೋಡಿಲ್ಲ ಅಂತ ಮಾತ್ರ ಅನ್ನಬೇಡ ತಾಯಿ!" ಮಾವ ಕೂಗಿದ ಕೂಗಿಗೆ ಕಿಟಕಿ ಅದುರಿತು. "ಒಬ್ಬರಾದ್ರೂ ನೋಡ್ಲಿ ಅಂತ ಬೆಳಗಿಂದ ಒದ್ದಾಡ್ತಿವ್ನಿ! ನೋಡು! ಚೆನ್ನಾಗಿ ನೋಡು! ದಂಡ ಹಾಕು!"

ಹಾಕಿದಳು. ದಂಡ ಕಟ್ಟುವಾಗ ಅಷ್ಟು ಖುಷಿಯಾದ ಮನುಷ್ಯನನ್ನು ನಾನು ಸಿನಿಮಾದಲ್ಲೂ ಕಂಡಿಲ್ಲ.

"ಇನ್ನು ತೂತು ಹೊಡಿ."

"ತೂತಾ? ನಮ್ಮ ಹತ್ರ ಅದಿಲ್ಲ ಅಂಕಲ್."

ಮಾವನ ಮೀಸೆ ಮತ್ತೆ ಇಳಿಯತೊಡಗಿತು. ಹೋಫ್ರಾಟಮ್ಮ ಕೈ ಮೇಲಕ್ಕೆತ್ತಿ ತಮ್ಮ ಟೋಪಿಯಿಂದ ಮುತ್ತಿನ ತಲೆಯ ಆ ಉದ್ದ ಪಿನ್ನು ಎಳೆದರು. ಟಿಕೆಟ್ಟನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದರು. ಚಕ್.

ತೂತಿನೊಳಗಿಂದ ಒಂದು ಕಣ್ಣಿಟ್ಟು ಮಾವನನ್ನು ನೋಡಿದರು. ಆಮೇಲೆ ಟಿಕೆಟ್ಟನ್ನು ಅವರ ಕೈಗೆ ಕೊಟ್ಟು, ತಮ್ಮ ಅಂಗೈ ಮುಂದೆ ಚಾಚಿದರು.

"ಹಸು ಹೇಗಿವೆ ಕಾಯೆತಾನ್? ಆಮೇಲೆ ಹೇಳು. ಮೊದಲು ಆ ಟಿಕೆಟ್ ನನ್ನ ಕೈಗಿಡು, ಮಾತು ಕೊಟ್ಟಿದ್ದೆಯಲ್ಲ?"